ಮೂರು ಡಬ್ಬಿ, ಒಂದೂವರೆ ಲಕ್ಷ ತೂತು

ಸೊಲ್ಲಾಪುರದ ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಫೋನ್ ಬಂದಾಗ ನಾನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಮೆಂತೆ ಪಲ್ಲೆ ಆರಿಸುತ್ತಿದ್ದೆ. "ಮೂರು ಡಬ್ಬಿ ಬಂದಾವ್ರಿ. ಸಣ್ಣ ಫಿಲ್ಮು. ಮ್ಯಾಲೆ ಇಂಗ್ಲಿಷ್‌ನಾಗ ಏನೋ ಬರದಾರ, ಅರ್ಧ ಅಳಸ್ಯಾದ. ಒನ್ ನೈಟ್ ಅಂತ ಅಷ್ಟೇ ಕಾಣಸ್ತದ" ಅಂದರು. ನನ್ನ ಕೈ ಅಲ್ಲೇ ನಿಂತಿತು.

ಹೆಸರಿನಲ್ಲಿ ‘ಒನ್ ನೈಟ್’ ಇರುವ ಸಿನಿಮಾ ಬೇಕಾದಷ್ಟಿವೆ. ಆದರೆ ಮೂರು ಡಬ್ಬಿ ಅಂದರಲ್ಲ, ಅದು ನನ್ನ ಲೆಕ್ಕಕ್ಕೆ ಹೊಂದಿತು. 16 ಎಂಎಂ ಫಿಲ್ಮಿನ ಒಂದು ದೊಡ್ಡ ಸುರುಳಿ ಅಂದರೆ 1600 ಅಡಿ. ಅದು 44 ನಿಮಿಷ ಓಡುತ್ತದೆ. ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ಚಿತ್ರ 105 ನಿಮಿಷದ್ದು. ಮೂರು ಸುರುಳಿಯಲ್ಲಿ ಸರಿಯಾಗಿ ಕೂರುತ್ತದೆ.

ಮರುದಿನ ಬೆಳಗ್ಗೆ ರೈಲು ಹತ್ತಿದೆ. ಎರಡು ಗಂಟೆ ದಾರಿ.

ಅಂಗಡಿಯಲ್ಲಿ ಡಬ್ಬಿಗಳನ್ನು ಹಿತ್ತಾಳೆ ಕೊಡಗಳ ಹಿಂದೆ, ಬಿಸಿಲು ನೇರ ಬೀಳುವ ಕಡೆ ಇಟ್ಟಿದ್ದರು. ಅದನ್ನು ನೋಡಿ ಸಂಕಟವಾಯಿತು. ಒಂದನ್ನು ನೆರಳಿಗೆ ತಂದು ಮುಚ್ಚಳ ತೆಗೆದೆ. ತುದಿ ಬಿಡಿಸಿ ಬೆಳಕಿಗೆ ಹಿಡಿದೆ. ಒಂದು ಅಂಚಿನಲ್ಲಿ ಸಾಲಾಗಿ ತೂತು. ಇನ್ನೊಂದು ಅಂಚಿನಲ್ಲಿ ತೂತಿಲ್ಲ, ಅಲ್ಲಿ ಉದ್ದಕ್ಕೂ ದನಿಯ ಪಟ್ಟಿ. ಮೂಕಿ ಫಿಲ್ಮಾದರೆ ಎರಡೂ ಕಡೆ ತೂತು ಇರುತ್ತದೆ. ಇದು ಮಾತಾಡುವ ಫಿಲ್ಮು. ಒಂದಷ್ಟು ಉದ್ದ ಬಿಡಿಸಿದ ಮೇಲೆ ಕೊಲಂಬಿಯಾ ಕಂಪನಿಯ ದೀಪ ಹಿಡಿದ ಹೆಂಗಸು ಕಂಡಳು. ಆಮೇಲೆ ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಅಂತ ಎರಡು ಹೆಸರು. ಫ್ರಾಂಕ್ ಕ್ಯಾಪ್ರಾ ಮಾಡಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಉಗುರಿನಷ್ಟು ದೊಡ್ಡ ಫ್ರೇಮು. ಕಣ್ಣಿಗೆ ಒತ್ತಿ ಹಿಡಿದು ಎರಡೆರಡು ಸಲ ಓದಿದೆ.

ಎಂಟು ಸಾವಿರ ಅಂದರು. ಆರಕ್ಕೆ ಬಂತು. "ಪೂರಾ ಅದ, ಒಂದು ಇಂಚೂ ಕಮ್ಮಿ ಇಲ್ಲ" ಅಂತ ಮಾತು ಕೊಟ್ಟರು. ಆ ಮಾತು ನಿಲ್ಲಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಕಲಬುರಗಿಯಲ್ಲಿ ಕೂತು 1934ರ ಅಮೆರಿಕದ ಸಿನಿಮಾ ಯಾಕೆ ಬೇಕು ಅಂತ ತುಂಬಾ ಜನ ಕೇಳಿದ್ದಾರೆ. ನನಗೆ ಅದು ದೂರದ ಸಿನಿಮಾ ಅನಿಸುವುದೇ ಇಲ್ಲ. ಆ ಚಿತ್ರ ನ್ಯೂಯಾರ್ಕ್‌ನಲ್ಲಿ ತೆರೆ ಕಂಡಿದ್ದು 1934ರ ಫೆಬ್ರವರಿ 22ಕ್ಕೆ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಲ್ಲಿ ಬಿಡುಗಡೆಯಾಗಿದ್ದು ಅದೇ ವರ್ಷ ಮಾರ್ಚ್ 3ಕ್ಕೆ. ನಡುವೆ ಹತ್ತು ದಿನವೂ ಇಲ್ಲ. ಎರಡೂ ಒಂದೇ ಕಾಲದ ಕೂಸು. ಒಂದು ಐದು ದೊಡ್ಡ ಆಸ್ಕರ್‌ಗಳನ್ನು ಒಟ್ಟಿಗೆ ಗೆದ್ದು ಜಗತ್ತೆಲ್ಲ ಓಡಾಡಿತು. ಇನ್ನೊಂದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು ಹೇಗೆ ಗರ್ಜಿಸಿದ, ನಾಗೇಂದ್ರರಾಯರ ರಾವಣ ಹೇಗೆ ನಕ್ಕ, ನಮಗೆ ಕೇಳುವ ದಾರಿಯೇ ಇಲ್ಲ. 1931ರ ‘ಆಲಂ ಆರಾ’ ಕಥೆಯೂ ಅದೇ. ಭಾರತದ ಮೊದಲ ಮಾತಿನ ಚಿತ್ರ, ಏಳು ಹಾಡಿದ್ದವು. ಒಂದು ರೀಲೂ ಸಿಕ್ಕಿಲ್ಲ. ಆ ಕಾಲದ ದನಿ ಎಲ್ಲಿ ಉಳಿದಿದೆಯೋ ಅಲ್ಲಿಗೆ ಹೋಗಿ ಕೇಳಬೇಕಲ್ವಾ? ನಾನು ಹೋಗುತ್ತಿರುವುದು ಅದಕ್ಕೇ.

ಇನ್ನೊಂದು ಕಾರಣವೂ ಇದೆ. ನಾನು ಚಿಕ್ಕವನಿದ್ದಾಗ ಶರಣಬಸವೇಶ್ವರ ಜಾತ್ರೆಗೆ ನಾಟಕ ಕಂಪನಿ ಬಂದರೆ ನಮ್ಮ ಅಜ್ಜಿ ಒಂದು ಆಟವನ್ನೂ ಬಿಡುತ್ತಿರಲಿಲ್ಲ. ಕಂಪನಿ ನಾಟಕದಲ್ಲಿ ತಾಯಿ ಗೋಳಾಡುತ್ತಿರುತ್ತಾಳೆ, ಪರದೆ ಸರಿಯುತ್ತದೆ, ಹಾಸ್ಯದವನು ಬಂದು ಟೆಂಟೆಲ್ಲ ನಗಿಸುತ್ತಾನೆ, ಮತ್ತೆ ಅಳು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸುತ್ತಲೇ ನಗುತ್ತಿದ್ದಳು. ಮಾತು ಬಂದ ಹೊಸದರ ಸಿನಿಮಾಗಳಲ್ಲಿ, ಅದರಲ್ಲೂ ನಗು-ಅಳು ಬೆರೆತ ಚಿತ್ರಗಳಲ್ಲಿ, ಅದೇ ಹದ ಸಿಗುತ್ತದೆ. ನಟರಲ್ಲಿ ಬಹಳ ಮಂದಿ ರಂಗದಿಂದಲೇ ಬಂದವರು. ನಮ್ಮ ನಾಯ್ಡು, ನಾಗೇಂದ್ರರಾಯರು ನಾಟಕ ಮಂಡಳಿ ನಡೆಸಿದವರು. ಅಮೆರಿಕದಲ್ಲಿ ಕೋಲ್ಬರ್ಟ್ ಬ್ರಾಡ್‌ವೇ ರಂಗದಲ್ಲಿ ಪಳಗಿದವಳು. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಅಂತ ಅವರಿಗೆ ಗೊತ್ತು. ಆ ನಿಲುಗಡೆಯೇ ಈ ಚಿತ್ರಗಳ ಜೀವ.

ಆ ದನಿಯ ಬಗ್ಗೆಯೂ ಹೇಳಬೇಕು. ಮಾತು ಬಂದ ಮೊದಲ ಎರಡು ಮೂರು ವರ್ಷ ಒಂದು ದನಿಯ ಮೇಲೆ ಇನ್ನೊಂದನ್ನು ಆಮೇಲೆ ಕೂಡಿಸುವುದು ಸುಲಭ ಇರಲಿಲ್ಲ. ಕೂಡಿಸಿದರೆ ಮಾತು ಮಸುಕಾಗುತ್ತಿತ್ತು. ಹಾಗಾಗಿ ಮಾತು, ಹಾಡು, ಬಾಗಿಲ ಸದ್ದು ಎಲ್ಲ ಅಲ್ಲೇ, ಆಗಲೇ ಹಿಡಿಯಬೇಕಿತ್ತು. ‘ಆಲಂ ಆರಾ’ದಲ್ಲಿ ಹಾರ್ಮೋನಿಯಂ, ತಬಲಾದವರು ಕ್ಯಾಮೆರಾಗೆ ಕಾಣದಂತೆ ಅಡಗಿ ಕೂತು ನುಡಿಸಿದರು. ಸ್ಟುಡಿಯೋ ಪಕ್ಕದಲ್ಲೇ ರೈಲ್ವೆ ಹಳಿ. ರೈಲು ನಿಂತ ಮೇಲೆ, ನಡುರಾತ್ರಿ ಶೂಟಿಂಗ್. 1934ರ ಹೊತ್ತಿಗೆ ಯಂತ್ರಗಳು ಸುಧಾರಿಸಿದ್ದವು. ಆದರೂ ನಟರು ಉಸಿರು ಎಳೆದುಕೊಳ್ಳುವುದು, ಚಾಪೆ ಮೇಲೆ ಕಾಲು ಸರಿಯುವುದು ಎಲ್ಲ ಕೇಳಿಸುತ್ತದೆ. ಕ್ಯಾಪ್ರಾ ಚಿತ್ರದಲ್ಲಿ ಹಿನ್ನೆಲೆ ಸಂಗೀತ ತೀರಾ ಕಡಿಮೆ. ಇಬ್ಬರು ಮಾತಾಡುತ್ತಾರೆ, ಹೊರಗೆ ಮಳೆ, ಅಷ್ಟೇ. ಈಗ ಫೋನಿನಲ್ಲಿ ಸಿಗುವ ಪ್ರತಿ ಬಹಳ ಸ್ವಚ್ಛವಾಗಿದೆ, ನಾನೂ ನೋಡುತ್ತೇನೆ. ಆದರೆ ಫಿಲ್ಮು ಓಡುವಾಗ ಆ ದನಿ ಗೋಡೆಗೆ ಬಡಿದು ಬರುವುದೇ ಬೇರೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಮೂಸುವುದು. ಮುಚ್ಚಳ ತೆಗೆದ ತಕ್ಷಣ ಮೂಗು ಹತ್ತಿರ ಹಿಡಿಯಬೇಕು. ಗಾಳಿ ತಾಗಿದ ಮೇಲೆ ವಾಸನೆ ಹಾರಿಹೋಗುತ್ತದೆ. ಸುಲಭಕ್ಕೆ ಬೆಂಕಿ ಹತ್ತದ ಫಿಲ್ಮಿಗೆ ಸೇಫ್ಟಿ ಫಿಲ್ಮು ಅನ್ನುತ್ತಾರೆ, ಹಳೇದೆಲ್ಲ ಅಸಿಟೇಟಿನದು. ಬಿಸಿಲು, ತೇವ ತಾಗಿದರೆ ಅದರೊಳಗಿನ ಆಮ್ಲ ಹೊರಬಂದು ವಿನಿಗರ್ ವಾಸನೆ ಬರುತ್ತದೆ. ಒಮ್ಮೆ ಶುರುವಾದರೆ ಆ ಆಮ್ಲವೇ ಇನ್ನಷ್ಟು ಕೆಡಿಸುತ್ತಾ ಹೋಗುತ್ತದೆ. ಪಕ್ಕದ ಡಬ್ಬಿಗೂ ಹತ್ತುತ್ತದೆ. ಒಂದನೇ ಮತ್ತು ಮೂರನೇ ಡಬ್ಬಿಯಲ್ಲಿ ಹಳೇ ಪುಸ್ತಕದ ವಾಸನೆ. ಎರಡನೆಯದರಲ್ಲಿ ಮೂಗಿಗೆ ಚುಚ್ಚುವ ಹುಳಿ. ನನ್ನ ಹೆಂಡತಿ ಅಡುಗೆಮನೆಯಿಂದಲೇ "ಉಪ್ಪಿನಕಾಯಿ ಕೆಟ್ಟದ ಏನು?" ಅಂತ ಕೇಳಿದಳು.

ಬೆಂಗಳೂರಿನ ಗೆಳೆಯರೊಬ್ಬರು ಕೊಟ್ಟ ಆಮ್ಲ ಪರೀಕ್ಷೆಯ ಕಾಗದದ ಪಟ್ಟಿಗಳಿದ್ದವು. ನೀಲಿ ಬಣ್ಣದ ಸಣ್ಣ ಪಟ್ಟಿ. ಡಬ್ಬಿಯೊಳಗೆ ಒಂದೊಂದು ಇಟ್ಟು ಮುಚ್ಚಿ, ಒಂದು ದಿನ ಪೂರ್ತಿ ಬಿಟ್ಟೆ. ಪಟ್ಟಿ ನೀಲಿಯಾಗೇ ಉಳಿದರೆ ಫಿಲ್ಮು ಚೆನ್ನಾಗಿದೆ. ಹಸಿರಾದರೆ ಕೆಡಲು ಶುರುವಾಗಿದೆ. ಹಳದಿಯಾದರೆ ಆಸೆ ಬಿಡಬೇಕು. ಎರಡು ನೀಲಿ, ನಡುವಿನದು ಹಸಿರು. ಹಳದಿ ಅಲ್ಲ. ಅವತ್ತೇ ಅದನ್ನು ಬೇರೆ ಕೋಣೆಗೆ ಹಾಕಿದೆ. ತುಕ್ಕು ಹಿಡಿದ ಡಬ್ಬಿ ಬಿಸಾಕಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಸುರುಳಿ ಸೇರಿಸಿದೆ.

ಪಕ್ಕದ ಮನೆಯವರು ಬಂದು "ಹಳೇ ಫಿಲ್ಮಿಗೆ ತಾನಾಗೇ ಬೆಂಕಿ ಹತ್ತತದಂತಲ್ರಿ" ಅಂದರು. ಅವರ ಭಯ ಸುಮ್ನೆ ಅಲ್ಲ. ಆ ಕಾಲದ 35 ಎಂಎಂ ಫಿಲ್ಮು ನೈಟ್ರೇಟಿನದು, ನೀರಿನೊಳಗೂ ಉರಿಯುತ್ತದೆ. 2003ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳು ಬೆಂಕಿಗೆ ಹೋದಾಗ ಎಷ್ಟೋ ಹಳೇ ಚಿತ್ರಗಳು ಒಂದೇ ದಿನ ಬೂದಿಯಾದವು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಆದರೆ 16 ಎಂಎಂ ಬೇರೆ. 1923ರಲ್ಲಿ ಕೊಡಾಕ್ ಅದನ್ನು ತಂದಿದ್ದೇ ಮನೆಯಲ್ಲಿ, ಶಾಲೆಯಲ್ಲಿ ತೋರಿಸಲಿ ಅಂತ. ಶುರುವಿನಿಂದಲೂ ಅದು ಸೇಫ್ಟಿ ಫಿಲ್ಮೇ. ಅಂಚಿನಲ್ಲಿ ‘ಸೇಫ್ಟಿ’ ಅಂತ ಬರೆದಿದ್ದನ್ನು ಅವರಿಗೆ ಭೂತಗನ್ನಡಿಯಲ್ಲಿ ತೋರಿಸಿದೆ. ಅದರ ಪಕ್ಕದಲ್ಲೇ ಸಣ್ಣ ಗುರುತುಗಳಿದ್ದವು. ಫಿಲ್ಮು ತಯಾರಾದ ವರ್ಷವನ್ನು ಕೊಡಾಕ್ ಹಾಗೆ ಗುರುತು ಮಾಡುತ್ತಿತ್ತು. ಒಂದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಅಂದರೆ ಗುರುತು ಓದಿದರೂ ಹಿಂದಿನದೋ ಮುಂದಿನದೋ ಅಂತ ಬೇರೆ ಸುಳಿವಿನಿಂದ ಹೇಳಬೇಕು. ನನ್ನದು 1950ರ ದಶಕದ ಪ್ರತಿ ಅಂತ ನನ್ನ ತೀರ್ಮಾನ. ಆಗ ಕಾರ್ಖಾನೆ ಕಾಲೊನಿಗಳ ಕ್ಲಬ್ಬು, ರೈಲ್ವೆಯವರ ಕ್ಲಬ್ಬುಗಳಲ್ಲಿ ಶನಿವಾರ ಇಂಗ್ಲಿಷ್ ಚಿತ್ರ ತೋರಿಸುತ್ತಿದ್ದರು. ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದ ತಾರೀಖುಗಳೇ ಅದಕ್ಕೆ ಸಾಕ್ಷಿ. ಒಟ್ಟು 19 ಇದ್ದವು.

ಆಮೇಲೆ ಅಳತೆ. ಫಿಲ್ಮು ವಯಸ್ಸಾದಂತೆ ಕುಗ್ಗುತ್ತದೆ. ಕುಗ್ಗಿದರೆ ಪ್ರೊಜೆಕ್ಟರಿನ ಹಲ್ಲು ತೂತಿಗೆ ಕೂರುವುದಿಲ್ಲ, ಹರಿದು ಹಾಕುತ್ತದೆ. ಹೊಸ ಫಿಲ್ಮಿನಲ್ಲಿ 100 ಫ್ರೇಮ್ ಉದ್ದ 762 ಮಿಲಿಮೀಟರ್. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಅದರ ಪಕ್ಕ ಫಿಲ್ಮು ಚಾಚಿ, ಎರಡೂ ತುದಿಗೆ ಪುಸ್ತಕ ಇಟ್ಟೆ. ಕೈಯಲ್ಲಿ ಬಿಳಿ ಹತ್ತಿ ಗ್ಲೌಸ್. ಸೂಜಿ ತುದಿಯಿಂದ ಒಂದೊಂದೇ ತೂತು ಎಣಿಸಿದೆ. ಒಂದನೇ ಸುರುಳಿ 759. ಮೂರನೆಯದು 760. ಹುಳಿ ವಾಸನೆಯದು 756. ಅಂದರೆ ನೂರಕ್ಕೆ ಸುಮಾರು 0.8ರಷ್ಟು ಕುಗ್ಗಿದೆ. ಒಂದು ದಾಟಿದರೆ ಓಡಿಸಬಾರದು ಅಂತ ನಮ್ಮಂಥವರ ನಿಯಮ. ಇದು ಅಂಚಿನಲ್ಲಿದೆ. ಒಂದು ಸಲ, ಜಾಸ್ತಿ ಅಂದರೆ ಎರಡು ಸಲ ಓಡೀತು. ಆಮೇಲೆ ಸ್ಕ್ಯಾನ್ ಮಾಡಿಸಿ ಮಲಗಿಸಬೇಕು. ನಮ್ಮೂರ ಬೇಸಿಗೆ ಗೊತ್ತಲ್ಲ, ಮೇ ತಿಂಗಳಲ್ಲಿ 43 ಡಿಗ್ರಿ. ಅಷ್ಟರೊಳಗೆ ಎಲ್ಲ ಮುಗಿಸಬೇಕು ಅಂತ ನಿರ್ಧರಿಸಿದೆ. ಆಗ ಡಿಸೆಂಬರ್ ಶುರುವಾಗಿತ್ತು.

105 ನಿಮಿಷವೂ ಪೂರ್ತಿ ಇದ್ದರೆ ಮೂರೂ ಸುರುಳಿ ಸೇರಿ 3,780 ಅಡಿ, ಒಂದು ಕಿಲೋಮೀಟರಿಗೂ ಜಾಸ್ತಿ. ಫ್ರೇಮಿಗೊಂದು ತೂತು, ಸೆಕೆಂಡಿಗೆ 24 ಫ್ರೇಮು. ಒಟ್ಟು 1,51,200 ತೂತು. ಅದರಲ್ಲಿ ಉಳಿದ ಪ್ರತಿಯೊಂದೂ ನನ್ನ ಎಡಗೈ ಹೆಬ್ಬೆರಳು-ತೋರುಬೆರಳಿನ ನಡುವೆ ಹಾದುಹೋಯಿತು. ಎರಡು ಕೈ-ರಾಟೆಗಳ ನಡುವೆ ಫಿಲ್ಮು ಕಟ್ಟಿ, ಅಂಚು ಬೆರಳಿಗೆ ತಾಗುವಂತೆ ನಿಧಾನಕ್ಕೆ ಸುತ್ತುವುದು. ಎಲ್ಲಿ ತೂತು ಹರಿದಿದೆಯೋ ಅಲ್ಲಿ ಬೆರಳಿಗೆ ಕಚಕ್ ಅನ್ನುತ್ತದೆ. ಕಣ್ಣಿಗಿಂತ ಬೆರಳು ಚುರುಕು. ಮೊದಲ ಸುತ್ತು ಬರೀ ಹುಡುಕುವುದಕ್ಕೆ. ಎರಡನೇ ಸುತ್ತು ಮೆತ್ತನೆ ಹಳೇ ಪಂಚೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಒರೆಸುವುದಕ್ಕೆ. ಬಟ್ಟೆ ಕಪ್ಪಾಗುತ್ತಾ ಬಂತು. ರಾತ್ರಿ ಊಟ ಆದ ಮೇಲೆ ದಿನಕ್ಕೆ ಒಂದೂವರೆ ಗಂಟೆ ಕೂತರೂ ಮೂರು ವಾರ ಹಿಡಿಯಿತು.

ಬೆಸುಗೆಗಳನ್ನು ಎಣಿಸಿದಾಗ ಸಮಾಧಾನ ಹೋಯಿತು. 63 ಕಡೆ ಹರಿದು ಕೂಡಿಸಿದ್ದರು. ಅರ್ಧದಷ್ಟು ಮನೆಯಲ್ಲಿ ಬಳಸುವ ಸೆಲ್ಲೋ ಟೇಪಿನಿಂದ. ಅಂಟು ಕರಗಿ ಪಕ್ಕದ ಸುತ್ತಿಗೂ ಮೆತ್ತಿಕೊಂಡಿತ್ತು. ಇದರಲ್ಲೇ ಇಂಥ ಚಿತ್ರಗಳ ಒಂದು ನೋವಿನ ಗುಟ್ಟಿದೆ. ಜನಕ್ಕೆ ಇಷ್ಟವಾದ ಚಿತ್ರವೇ ಜಾಸ್ತಿ ಓಡುತ್ತದೆ, ಜಾಸ್ತಿ ಓಡಿದ್ದೇ ಜಾಸ್ತಿ ಹರಿಯುತ್ತದೆ. ಯಾರೂ ನೋಡದ ಚಿತ್ರದ ಪ್ರತಿ ಹೊಸದರಂತೆ ಸಿಗುತ್ತದೆ. ನಗಿಸಿ ಅಳಿಸಿದ ಚಿತ್ರ ಹೀಗೆ ಚಿಂದಿಯಾಗಿ ಬರುತ್ತದೆ. ಅದಕ್ಕೇ ಪೂರ್ತಿ ಪ್ರತಿ ಸಿಕ್ಕರೆ ಸಂಗ್ರಹಕಾರರು ಅಷ್ಟು ಆಸೆಪಡುವುದು.

ಟೇಪು ಬಿಡಿಸಿ, ಮತ್ತೆ ಸರಿಯಾಗಿ ಬೆಸೆಯಬೇಕು. ಒಂದು ತುದಿಯ ಚಿತ್ರದ ಪದರವನ್ನು ಸಣ್ಣ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕೆರೆದ ಜಾಗ ಗಾಜಿನಂತೆ ಕಾಣಬೇಕು, ಆದರೆ ತೆಳುವಾಗಬಾರದು. ಫಿಲ್ಮ್ ಸಿಮೆಂಟ್ ಒಂದು ಗೆರೆ ಹಚ್ಚಿ ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. ಅದು ಅಂಟಲ್ಲ. ಅಸಿಟೇಟನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಸಿಮೆಂಟು ಜಾಸ್ತಿಯಾದರೆ ಫಿಲ್ಮು ಸೊಟ್ಟಗಾಗುತ್ತದೆ, ಕಡಿಮೆಯಾದರೆ ಓಡುವಾಗ ಬಿಡುತ್ತದೆ. ಮೊದಲ ಹತ್ತರಲ್ಲಿ ನಾಲ್ಕು ಮತ್ತೆ ಮಾಡಿದೆ. ಇಪ್ಪತ್ತು ದಾಟಿದ ಮೇಲೆ ಕೈ ತಾನಾಗಿ ಹದ ಕಲಿಯಿತು.

ಈ ಕೆಲಸ ಮಾಡುವಾಗ ನನಗೆ ವಿಟಾಫೋನ್ ಕಾಲದ ಆಪರೇಟರುಗಳ ನೆನಪಾಗುತ್ತಿತ್ತು. 1927ರಲ್ಲಿ ವಾರ್ನರ್ ಬ್ರದರ್ಸ್‌ನವರು ‘ದ ಜಾಝ್ ಸಿಂಗರ್’ ತಂದಾಗ ದನಿ ಫಿಲ್ಮಿನ ಮೇಲೆ ಇರಲೇ ಇಲ್ಲ. ಅದು ಬೇರೆಯೇ ಒಂದು 16 ಇಂಚಿನ ತಟ್ಟೆಯಲ್ಲಿತ್ತು. ಆ ಏರ್ಪಾಡಿನ ಹೆಸರೇ ವಿಟಾಫೋನ್. ಒಂದು ರೀಲಿಗೆ ಒಂದು ತಟ್ಟೆ. ಮುಳ್ಳು ಒಳಗಿನಿಂದ ಹೊರಗೆ ಓಡುತ್ತಿತ್ತು. ಫಿಲ್ಮು ಹರಿದು ಐದು ಫ್ರೇಮು ಹೋದವೋ, ಅಲ್ಲಿಂದ ಮುಂದೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅದಕ್ಕೆ ಹೋದಷ್ಟೇ ಫ್ರೇಮು ಎಣಿಸಿ ಕಪ್ಪು ಫಿಲ್ಮು ಸೇರಿಸಬೇಕಿತ್ತು. ಎಷ್ಟೋ ಚಿತ್ರಗಳ ತಟ್ಟೆ ಉಳಿದು ಫಿಲ್ಮು ಹೋಯಿತು, ಫಿಲ್ಮು ಉಳಿದು ತಟ್ಟೆ ಹೋಯಿತು. 1991ರಿಂದ ಅಮೆರಿಕದ ಸಂಗ್ರಹಕಾರರು ವಿಟಾಫೋನ್ ಪ್ರಾಜೆಕ್ಟ್ ಅಂತ ಕಟ್ಟಿಕೊಂಡು ಅಗಲಿದ ಜೋಡಿಗಳನ್ನು ಹುಡುಕಿ ಕೂಡಿಸುತ್ತಿದ್ದಾರೆ. ಅದಕ್ಕಿಂತ ಪುಣ್ಯದ ಕೆಲಸ ನನಗೆ ಕಾಣುವುದಿಲ್ಲ.

ಪ್ರೊಜೆಕ್ಟರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ವರ್ಷ ಒಬ್ಬರಿಂದ ಕೊಂಡಿದ್ದೆ. "ಚಾಲೂ ಅದ" ಅಂದಿದ್ದರು. ಮೋಟಾರು ತಿರುಗುತ್ತಿತ್ತು, ನಿಜ. ಆದರೆ ದನಿ ಓದುವ ಸಣ್ಣ ಬಲ್ಬೇ ಇರಲಿಲ್ಲ, ಬೆಲ್ಟು ಒಣಗಿದ ಚಕ್ಕುಲಿಯಂತೆ ಮುರಿಯಿತು. ಬಲ್ಬು ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿ, ಮೂರನೇ ಗುರುವಾರ ಸಿಕ್ಕಿತು. ಬೆಲ್ಟು ಇಲ್ಲೇ ಒಬ್ಬ ಹೊಲಿಗೆ ಯಂತ್ರದ ಮೆಕ್ಯಾನಿಕ್ ಮಾಡಿಕೊಟ್ಟರು.

ಆದರೂ ನಡೆಸಲು ನನಗೆ ಧೈರ್ಯ ಬಂದಿದ್ದು ನಮ್ಮ ಓಣಿಯ ಕಾಕಾ ಅವರಿಂದ. ಎಂಬತ್ತರ ಹತ್ತಿರ ವಯಸ್ಸು. ಹರೆಯದಲ್ಲಿ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಊರುಗಳಲ್ಲಿ ಟೆಂಟ್ ಹಾಕಿದವರು. ಮೊದಲ ದಿನ ನಾನು ಬೇಡದ ಒಂದು ಸುದ್ದಿರೀಲು ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಅರ್ಧ ನಿಮಿಷಕ್ಕೆ ಟರ್ ಅಂತ ಸದ್ದಾಗಿ ಎಂಟು ತೂತು ಹರಿಯಿತು. ಕಾಕಾ ಕುರ್ಚಿಯಿಂದ ಎದ್ದು ಬಂದು ಯಂತ್ರ ಆರಿಸಿದರು. "ಲೂಪ್ ಸಣ್ಣದಾಗ್ಯಾದ. ಫಿಲ್ಮ್ ಉಸುರಾಡ್ಲಾಕ ಜಾಗ ಬೇಕು" ಅಂದರು. ಬೆಳಕು ಫಿಲ್ಮಿನ ಮೂಲಕ ಹಾಯುವ ಕಿಂಡಿಗೆ ಗೇಟ್ ಅನ್ನುತ್ತಾರೆ. ಅದರ ಮೇಲೊಂದು, ಕೆಳಗೊಂದು ಬಳುಕು ಬಿಡಬೇಕು. ಹಲ್ಲಿನ ಚಕ್ರ ಒಂದೇ ಸಮ ತಿರುಗುತ್ತದೆ, ಗೇಟಿನಲ್ಲಿ ಫಿಲ್ಮು ನಿಂತು ನಿಂತು ಹೋಗುತ್ತದೆ. ಆ ಎರಡು ನಡಿಗೆಯ ಜಗಳ ಬಿಡಿಸುವುದು ಈ ಬಳುಕು. ಎಷ್ಟು ದೊಡ್ಡದಿರಬೇಕು ಅಂತ ಕಾಕಾ ಎರಡು ಬೆರಳು ತೂರಿಸಿ ತೋರಿಸಿದರು. ಅವತ್ತಿನಿಂದ ನಾನೂ ಎರಡು ಬೆರಳು ತೂರಿಸಿ ನೋಡುತ್ತೇನೆ.

ಮತ್ತೊಂದು ವಿಷಯ ಅವರೇ ಹೇಳಿಕೊಟ್ಟಿದ್ದು. 16 ಎಂಎಂನಲ್ಲಿ ಒಂದು ಚಿತ್ರದ ದನಿ ಆ ಚಿತ್ರದ ಪಕ್ಕದಲ್ಲಿ ಇರುವುದಿಲ್ಲ. 26 ಫ್ರೇಮು ಮುಂದೆ ಇರುತ್ತದೆ. ದನಿ ಓದುವ ಜಾಗ ಗೇಟಿನಿಂದ ಆಚೆ ಇರುವುದರಿಂದ ಹಾಗೆ. ಹಾಗಾಗಿ ಬೆಸುಗೆ ಹಾದುಹೋಗುವಾಗ ಮೊದಲು ಪರದೆ ಮೇಲೆ ಚಿತ್ರ ಕುಪ್ಪಳಿಸುತ್ತದೆ. ಒಂದು ಸೆಕೆಂಡು ಕಳೆದು ಸ್ಪೀಕರಿನಲ್ಲಿ ಟಕ್. "ಕಣ್ಣಿಗೊಂದು, ಕಿವಿಗೊಂದು" ಅಂತ ಅವರ ಮಾತು. ಬೆಸುಗೆ ಎಲ್ಲಿದೆ ಅಂತ ಗೊತ್ತಿದ್ದರೆ ಆ ಒಂದು ಸೆಕೆಂಡು ಉಸಿರು ಹಿಡಿದುಕೊಂಡೇ ಇರುತ್ತೇವೆ.

ಪೂರಾ ಅದ ಅಂದಿದ್ದ ಪ್ರತಿಯಲ್ಲಿ ಎಷ್ಟು ಹೋಗಿದೆ ಅಂತ ಡಿವಿಡಿ ಇಟ್ಟುಕೊಂಡು ಹೋಲಿಸಿದೆ. ಅಲ್ಲಲ್ಲಿ ಚೂರು ಚೂರು ಸೇರಿ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಗಿತ್ತು. ಮೂರನೇ ರೀಲಿನ ಕೊನೆ ಚೆನ್ನಾಗಿತ್ತು. ಅತಿ ಕೆಟ್ಟ ಜಾಗ ಎರಡನೇ ರೀಲಿನ ಮೊದಲ ಭಾಗ, ಬಸ್ಸಿನ ದೃಶ್ಯ. ಅಲ್ಲಿಯೇ ಏಳು ಬೆಸುಗೆ. ಯಾಕೆ ಅಲ್ಲೇ ಅಂತ ಕಾಕಾ ಅವರನ್ನು ಕೇಳಿದೆ. "ಮಂದಿ ಮತ್ತೊಮ್ಮೆ ಹಾಕು ಅಂದಿರ್ತಾರ. ಹಿಂದಕ್ಕ ಸುತ್ತಿ ಹಾಕಿದಾಗ ಹರದಿರ್ತದ" ಅಂದರು.

ಫೆಬ್ರವರಿಯ ಕೊನೆಯ ಶನಿವಾರ ನಮ್ಮ ಮಾಳಿಗೆ ಮೇಲೆ ಆಟ ಇಟ್ಟೆ. ಗೋಡೆಗೆ ಎರಡು ಬಿಳಿ ಚಾದರ ಹೊಲಿದು ಕಟ್ಟಿದ್ದೆವು. ಓಣಿಯವರು, ಮೋಮಿನಪುರದ ಒಬ್ಬ ಗೆಳೆಯರು, ಮಕ್ಕಳು ಸೇರಿ ಇಪ್ಪತ್ತೈದು ಜನ. ಆ ಗೆಳೆಯರು ನನ್ನ ಹಳೇ ಸಿನಿಮಾ ಹಾಡಿನ ಪುಸ್ತಕಗಳನ್ನು ಉರ್ದುವಿನಿಂದ ಓದಿ ಹೇಳುವವರು. ಇಲ್ಲಿ 1956ರವರೆಗೆ ಹೈದರಾಬಾದ್ ರಾಜ್ಯ ಇತ್ತಲ್ಲ, ಹಾಗಾಗಿ ನಮ್ಮ ಕಡೆಯ ಹಳೇ ಪೆಟ್ಟಿಗೆಗಳಲ್ಲಿ ಸಿಗುವ ಪುಸ್ತಕಗಳಲ್ಲಿ ಉರ್ದುವೇ ಜಾಸ್ತಿ. ಅವತ್ತು ಅವರು ಕಥೆ ಕೇಳುತ್ತಲೇ "ಇದು ‘ಚೋರಿ ಚೋರಿ’ ಅಲ್ವಾ?" ಅಂದರು. ಹೌದು, ರಾಜ್ ಕಪೂರ್-ನರ್ಗಿಸ್ ಅವರ 1956ರ ಚಿತ್ರ ಇದೇ ಕಥೆಯನ್ನು ಹಿಡಿದು ಬಂದಿದ್ದು. ಅಪ್ಪನ ಮನೆ ಬಿಟ್ಟು ಓಡಿದ ಸಾಹುಕಾರನ ಮಗಳು, ಕೆಲಸ ಕಳೆದುಕೊಂಡ ಪತ್ರಕರ್ತ, ಬಸ್ಸಿನ ಪ್ರಯಾಣ. ಅಷ್ಟು ಹೇಳಿದ್ದು ಸಾಕಾಯಿತು. ಇಂಗ್ಲಿಷ್ ಬಾರದವರೂ ಕತೆ ಹಿಡಿದರು.

ಮೊದಲ ರೀಲಿನ ಮಳೆ ರಾತ್ರಿಯ ದೃಶ್ಯದಲ್ಲಿ ಒಂದೇ ಕೋಣೆ, ಎರಡು ಮಂಚ. ಅವನು ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. ಆಚೆ ಅವಳು, ಈಚೆ ಅವನು. ಕಂಬಳಿ ಅಲುಗುತ್ತದೆ, ಮಾತು ನಿಲ್ಲುತ್ತದೆ, ಮಳೆ ಸದ್ದು ಮಾತ್ರ. ಅದೇ ಹೊತ್ತಿಗೆ ನಮ್ಮೂರ ಸ್ಟೇಷನ್ ಕಡೆಯಿಂದ ಮುಂಬೈ ಗಾಡಿಯೊಂದು ಹಾದುಹೋಯಿತು. ಯಾರೂ ತಲೆ ತಿರುಗಿಸಲಿಲ್ಲ. ನಾನು ಮಾತ್ರ ರೈಲು ನಿಲ್ಲಲಿ ಅಂತ ಕಾದು ಕೂತ ಆ ಬೊಂಬಾಯಿ ಸ್ಟುಡಿಯೋದವರನ್ನು ನೆನೆದೆ.

ರೀಲು ಬದಲಿಸಲು ಐದು ನಿಮಿಷ. ಚಹಾ, ಮಂಡಕ್ಕಿ ಸುಸಲಾ ಕೊಟ್ಟೆವು. ಎರಡನೇ ರೀಲು ಏರಿಸುವಾಗ ನನ್ನ ಕೈ ನಡುಗುತ್ತಿತ್ತು. 756 ಮಿಲಿಮೀಟರ್. ಎರಡು ಬೆರಳು ತೂರಿಸಿ ಲೂಪು ನೋಡಿದೆ. ಕಾಕಾ ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕವೇ ಕೂತರು. ಕೈಯನ್ನು ಸ್ವಿಚ್ಚಿನ ಹತ್ತಿರ ಇಟ್ಟುಕೊಂಡರು.

ಬಸ್ಸಿನ ದೃಶ್ಯ ಬಂತು. ರಾತ್ರಿ. ಪ್ರಯಾಣಿಕರಲ್ಲಿ ಒಬ್ಬರು ಹಾಡು ಎತ್ತುತ್ತಾರೆ. ಸರ್ಕಸ್ಸಿನಲ್ಲಿ ಜೋಕಾಲಿ ಮೇಲೆ ಹಾರುವವನ ಹಾಡು. ಒಬ್ಬ ಒಂದು ನುಡಿ ಹಾಡುತ್ತಾನೆ, ಪಲ್ಲವಿಗೆ ಬಸ್ಸೆಲ್ಲ ದನಿಗೂಡಿಸುತ್ತದೆ. ಮುಂದಿನ ನುಡಿಗೆ ಇನ್ನೊಬ್ಬ ಏಳುತ್ತಾನೆ. ನಮ್ಮ ಭಜನೆ ಮೇಳದಲ್ಲಿ ಇರುತ್ತದಲ್ಲ, ಥೇಟ್ ಹಾಗೇ. ಎಲ್ಲರ ಗಂಟಲೂ ಒರಟು, ಯಾರೂ ಶ್ರುತಿಗೆ ಸರಿಯಾಗಿಲ್ಲ, ಅದಕ್ಕೇ ಅಷ್ಟು ಚೆಂದ. ಚಿತ್ರ ಕುಪ್ಪಳಿಸಿತು, ಟಕ್. ಮತ್ತೆ ಕುಪ್ಪಳಿಸಿತು, ಟಕ್. ಮಾಳಿಗೆ ಮೇಲಿನ ಮಕ್ಕಳು ಪಲ್ಲವಿಗೆ ಚಪ್ಪಾಳೆ ಹಾಕತೊಡಗಿದರು. ಡ್ರೈವರನೂ ಖುಷಿಯಲ್ಲಿ ಸ್ಟೀರಿಂಗ್ ಬಿಡುತ್ತಾನೆ, ಬಸ್ಸು ರಸ್ತೆ ಬಿಟ್ಟು ಕೆಸರಿಗೆ ನುಗ್ಗುತ್ತದೆ. ಎಲ್ಲರೂ ನಕ್ಕರು.

ಆ ನಗು ಇನ್ನೂ ಮುಗಿದಿರುವುದಿಲ್ಲ, ಒಬ್ಬ ಹುಡುಗ ಅಮ್ಮಾ ಅಂತ ಕೂಗುತ್ತಾನೆ. ಅವನ ತಾಯಿ ಸೀಟಿನಲ್ಲೇ ಕುಸಿದಿದ್ದಾಳೆ. ಹಸಿವು. ಇದ್ದ ದುಡ್ಡೆಲ್ಲ ಟಿಕೆಟಿಗೆ ಹೋಗಿದೆ. ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಊರೂರು ಅಲೆಯುತ್ತಿದ್ದ ಕಾಲ ಅದು. ಸಾಹುಕಾರನ ಮಗಳು ಮೊದಲ ಸಲ ಹಸಿವನ್ನು ಎದುರಿಗೇ ನೋಡುತ್ತಾಳೆ. ಇಬ್ಬರ ಹತ್ತಿರ ಉಳಿದಿದ್ದ ನೋಟು ಆ ಹುಡುಗನ ಕೈ ಸೇರುತ್ತದೆ. ಹಿನ್ನೆಲೆಯಲ್ಲಿ ಪಿಟೀಲು ಇಲ್ಲ, ಏನೂ ಇಲ್ಲ. ಹುಡುಗನ ಬಿಕ್ಕಳಿಕೆ, ಅಷ್ಟೇ. ನಮ್ಮ ಮಾಳಿಗೆ ಗಪ್ಪಾಯಿತು. ಚಪ್ಪಾಳೆ ಹಾಕುತ್ತಿದ್ದ ಮಕ್ಕಳ ಕೈ ಗಾಳಿಯಲ್ಲೇ ನಿಂತಿತು. ಪ್ರೊಜೆಕ್ಟರಿನ ಟಕಟಕ ಒಂದೇ ಕೇಳುತ್ತಿತ್ತು. ಎದುರುಮನೆ ಆಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವರಿಗೆ ಒಂದಕ್ಷರ ಇಂಗ್ಲಿಷ್ ಬಾರದು. ನನಗೆ ಅಜ್ಜಿಯ ಪಕ್ಕ ಕೂತಂತಾಯಿತು.

ಏಳೂ ಬೆಸುಗೆ ಹಿಡಿದವು.

ಮೂರನೇ ರೀಲು ಮುಗಿದಾಗ ಹತ್ತೂವರೆ ದಾಟಿತ್ತು. ಮಕ್ಕಳು "ಆ ಬಸ್ಸಿನ ಹಾಡು ಇನ್ನೊಮ್ಮೆ ಹಾಕ್ರಿ" ಅಂತ ಗಂಟುಬಿದ್ದರು. ನಾನು ಹಾಕಲಿಲ್ಲ. ಆ ರೀಲು ಮುಂದಿನ ವಾರ ಸ್ಕ್ಯಾನ್ ಮಾಡಿಸಲು ಪುಣೆಗೆ ಹೋಗಬೇಕಿತ್ತು, ಟಿಕೆಟ್ ಆಗಿತ್ತು. ಸ್ಕ್ಯಾನ್ ಆದ ಮೇಲೆ ಎಷ್ಟು ಸಲ ಬೇಕಾದರೂ ತೋರಿಸುತ್ತೇನೆ ಅಂತ ಮಾತು ಕೊಟ್ಟೆ. ಎಲ್ಲರೂ ಇಳಿದು ಹೋದರು. ನಾನು ಚಾದರ ಬಿಚ್ಚುತ್ತಿದ್ದೆ. ಕಾಕಾ ಎರಡನೇ ರೀಲನ್ನು ಕೈ-ರಾಟೆಗೆ ಏರಿಸಿ, ಅಂಚನ್ನು ಎಡಗೈ ಬೆರಳಿಗೆ ತಾಗಿಸಿಕೊಂಡು ಸುತ್ತತೊಡಗಿದರು. ಕತ್ತಲಲ್ಲೇ, ಕಣ್ಣು ಮುಚ್ಚಿಕೊಂಡು. ನಡುವೆ ಒಂದು ಸಲ ನಿಲ್ಲಿಸಿ, "ಇಲ್ಲಿ ಒಂದು ತೂತು ಹೊಸದಾಗಿ ಬಿಟ್ಟದ ನೋಡು, ಚೀಟಿ ಇಡು" ಅಂದರು. ಬಸ್ ಟಿಕೆಟಿನ ಚೂರೊಂದು ಜೇಬಿನಲ್ಲಿತ್ತು. ಅದನ್ನೇ ಆ ಸುತ್ತಿನ ನಡುವೆ ಸಿಕ್ಕಿಸಿದೆ.